ರಾಣಿಗಿಂತ ಗುಲಾಮ ದೊಡ್ಡವನಾದ ಆಟ: ಟ್ಯುನೀಶಿಯಾದ ಶ್ಕೊಬ್ಬಾ

ಇಸ್ಪೀಟು ಆಡುವವರಿಗೆ ರಾಜ, ರಾಣಿ, ಗುಲಾಮರ ಕ್ರಮ ಬಾಯಿಪಾಠ. ರಾಜ ಮೇಲೆ, ಅವನ ಕೆಳಗೆ ರಾಣಿ, ಅವಳ ಕೆಳಗೆ ಗುಲಾಮ. ಟ್ಯುನೀಶಿಯಾದಲ್ಲಿ ಶ್ಕೊಬ್ಬಾ ಆಡುವವರ ಪಕ್ಕ ನಿಂತರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ರಾಣಿಯ ಬೆಲೆ 8, ಗುಲಾಮನ ಬೆಲೆ 9, ರಾಜನದು 10. ಎಲೆಗಳು ಮಾತ್ರ ನಮ್ಮ ಅಂಗಡಿಗಳಲ್ಲೂ ಸಿಗುವ ಮಾಮೂಲಿ ಎಲೆಗಳೇ. ಅದೇ ಇಸ್ಪೀಟು, ಆಟೀನು, ಡೈಮಂಡು, ಕಳಾವರ್.

ಇದನ್ನು ಒಂದು ಊರಿನ ರೂಢಿ ಅಂತ ಸುಮ್ನೆ ಬಿಟ್ಟುಬಿಡಬಹುದು. ಆದರೆ ಶ್ಕೊಬ್ಬಾದ ವಿಚಿತ್ರ ನಿಯಮಗಳನ್ನು ಒಂದೊಂದಾಗಿ ಬಿಡಿಸಿದರೆ ಮೆಡಿಟರೇನಿಯನ್ ಕಡಲನ್ನು ದಾಟಿ ಬಂದ ಜನರ ಚರಿತ್ರೆ ಕಾಣುತ್ತದೆ. ಮೀನುಗಾರರು, ಗಾರೆ ಕೆಲಸದವರು, ಗಣಿ ಕೂಲಿಗಳು. ಇಂಥವರ ಬದುಕು ದಾಖಲೆಗಳಲ್ಲಿ ಸಿಗುವುದು ಕಡಿಮೆ. ಅವರ ಆಟ ಮಾತ್ರ ಇವತ್ತಿಗೂ ಪ್ರತಿ ಸಂಜೆ ನಡೆಯುತ್ತಿದೆ. ಅದಕ್ಕೇ ಮೊದಲು ಆಟವನ್ನೇ ಸರಿಯಾಗಿ ನೋಡೋಣ. ಆಟ ಗೊತ್ತಾಗದೆ ಚರಿತ್ರೆ ಹೇಳಿದರೆ ರುಚಿಸುವುದಿಲ್ಲ.

ಆಡುವುದು ಹೇಗೆ

52 ಎಲೆಗಳ ಕಟ್ಟಿನಿಂದ 8, 9, 10ರ ಎಲೆಗಳನ್ನು ಎತ್ತಿಡುತ್ತಾರೆ. 40 ಎಲೆ ಉಳಿಯುತ್ತವೆ. ಎಕ್ಕಕ್ಕೆ 1, 2ರಿಂದ 7ರವರೆಗಿನ ಎಲೆಗಳಿಗೆ ಅವುಗಳದೇ ಬೆಲೆ, ಆಮೇಲೆ ರಾಣಿ 8, ಗುಲಾಮ 9, ರಾಜ 10. ಇಬ್ಬರು ಆಡಬಹುದು. ನಾಲ್ವರಾದರೆ ಎದುರು ಬದುರು ಕುಳಿತವರು ಜೊತೆಗಾರರು.

ಎಲೆ ಹಂಚುವವರು ಪ್ರತಿಯೊಬ್ಬರಿಗೂ 3 ಎಲೆ ಕೊಟ್ಟು, ಮೇಜಿನ ಮೇಲೆ 4 ಎಲೆಗಳನ್ನು ಮುಖ ಕಾಣುವಂತೆ ಹರಡುತ್ತಾರೆ. ಕೈಯಲ್ಲಿರುವ ಎಲೆ ಮುಗಿದಾಗ ಮತ್ತೆ ಮೂರು ಮೂರು. ಮೇಜಿಗೆ ಮಾತ್ರ ಮತ್ತೆ ಹಾಕುವುದಿಲ್ಲ. ಇಬ್ಬರೇ ಇದ್ದರೆ ಹೀಗೆ ಆರು ಸಲ ಹಂಚಿದಾಗ ಕಟ್ಟು ಖಾಲಿ.

ನಿಮ್ಮ ಸರದಿ ಬಂದಾಗ ಕೈಯಿಂದ ಒಂದು ಎಲೆ ಇಳಿಸಬೇಕು. ಅಷ್ಟೇ ಬೆಲೆಯ ಎಲೆ ಮೇಜಿನ ಮೇಲಿದ್ದರೆ ಅದು ನಿಮ್ಮದು. ಒಂದೇ ಎಲೆ ಹೊಂದದಿದ್ದರೆ ಎರಡು ಮೂರು ಎಲೆ ಕೂಡಿಸಿ ಅಷ್ಟು ಮೊತ್ತ ಬಂದರೂ ಆಯ್ತು. ಯಾವುದೂ ಹೊಂದದಿದ್ದರೆ ನೀವು ಇಳಿಸಿದ ಎಲೆ ಮೇಜಿನ ಮೇಲೇ ಉಳಿಯುತ್ತದೆ.

ಒಂದು ಉದಾಹರಣೆ. ಮೇಜಿನ ಮೇಲೆ 2, 3, 5 ಮತ್ತು ರಾಜ ಇದ್ದಾರೆ. ನಿಮ್ಮ ಕೈಯಲ್ಲಿ 7 ಇದ್ದರೆ 2 ಮತ್ತು 5 ಎತ್ತಿಕೊಳ್ಳಬಹುದು. ರಾಣಿ ಇದ್ದರೆ 3 ಮತ್ತು 5. ಈಗ ಕೈಯಲ್ಲಿ ರಾಜ ಇದ್ದಾನೆ ಅಂದುಕೊಳ್ಳಿ. 2, 3, 5 ಕೂಡಿದರೂ 10 ಆಗುತ್ತದೆ. ಮೂರು ಎಲೆ ಬಾಚಿಕೊಳ್ಳೋಣ ಅಂತ ಆಸೆಯಾಗುತ್ತದೆ, ಅಲ್ವಾ? ಆದರೆ ಬಿಡುವುದಿಲ್ಲ. ಸರಿಸಮನಾದ ಒಂಟಿ ಎಲೆ ಮೇಜಿನ ಮೇಲಿದ್ದರೆ ಅದನ್ನೇ ತೆಗೆದುಕೊಳ್ಳಬೇಕು. ಚಿಕ್ಕ ನಿಯಮ, ಆದರೆ ಆಟದ ಅರ್ಧ ಬಿಗಿ ಇದರಲ್ಲೇ ಇದೆ. ಎದುರಾಳಿ ಏನನ್ನು ಎತ್ತಲೇಬೇಕು ಎಂದು ನೀವು ಮೊದಲೇ ಲೆಕ್ಕ ಹಾಕಬಹುದು.

ಒಂದೇ ಎಲೆಯಿಂದ ಮೇಜನ್ನು ಪೂರ್ತಿ ಖಾಲಿ ಮಾಡಿದರೆ ಅದೇ ಶ್ಕೊಬ್ಬಾ. ಆ ಎಲೆಯನ್ನು ಮೇಜಿಗೆ ಬಡಿದು ಹೆಸರು ಕೂಗುವುದು ವಾಡಿಕೆ. ಗೆದ್ದ ಎಲೆಗಳ ರಾಶಿಯಲ್ಲಿ ಅದನ್ನು ಮುಖ ಮೇಲಾಗಿ ಇಡುತ್ತಾರೆ, ಕೊನೆಯಲ್ಲಿ ಎಣಿಸಲು ಸುಲಭವಾಗಲಿ ಅಂತ. ಪ್ರತಿ ಶ್ಕೊಬ್ಬಾಕ್ಕೆ 1 ಪಾಯಿಂಟ್. ಕಟ್ಟಿನ ಕಟ್ಟಕಡೆಯ ಎಲೆಯಿಂದ ಮೇಜು ಖಾಲಿಯಾದರೆ ಮಾತ್ರ ಅದು ಲೆಕ್ಕಕ್ಕಿಲ್ಲ. ಎಲ್ಲ ಮುಗಿದ ಮೇಲೆ ಮೇಜಿನಲ್ಲಿ ಉಳಿದ ಎಲೆಗಳು ಕೊನೆಯ ಬಾರಿ ಎಲೆ ಗೆದ್ದವರಿಗೆ.

ಇದರ ಜೊತೆ ಇನ್ನೂ ನಾಲ್ಕು ಪಾಯಿಂಟ್‌ಗಳಿವೆ. ಅರ್ಧಕ್ಕಿಂತ ಜಾಸ್ತಿ, ಅಂದರೆ ಕನಿಷ್ಠ 21 ಎಲೆ ಗೆದ್ದವರಿಗೆ ಒಂದು. ಇದಕ್ಕೆ ಕಾರ್ಟಾ ಅನ್ನುತ್ತಾರೆ. 10 ಡೈಮಂಡ್ ಎಲೆಗಳಲ್ಲಿ ಜಾಸ್ತಿ ಗೆದ್ದವರಿಗೆ ಒಂದು, ಅದು ದಿನಾರಿ. ಡೈಮಂಡ್ 7 ಗೆದ್ದವರಿಗೆ ಒಂದು. ಆ ಎಲೆಯ ಹೆಸರು ಸಬಾ ಅಲ್ ಹಯ್ಯಾ. ನಾಲ್ಕನೆಯದು ಬೆರ್ಮಿಲಾ. ನಾಲ್ಕು 7ಗಳಲ್ಲಿ ಯಾರ ಬಳಿ ಜಾಸ್ತಿ ಇವೆಯೋ ಅವರಿಗೆ ಈ ಪಾಯಿಂಟ್. ಎರಡೆರಡು ಬಂದರೆ 6ಗಳನ್ನು ನೋಡುತ್ತಾರೆ.

ಒಂದು ಕೈ ಲೆಕ್ಕ ಹಾಕಿ ನೋಡಿ. ನಿಮಗೆ 22 ಎಲೆ ಬಂದಿವೆ, ಅದರಲ್ಲಿ ಡೈಮಂಡ್ 4. ಎರಡು 7, ಮೂರು 6. ಡೈಮಂಡ್ 7 ನಿಮ್ಮಲ್ಲೇ ಇದೆ. ಒಂದು ಶ್ಕೊಬ್ಬಾ ಹೊಡೆದಿದ್ದೀರಿ. ಕಾರ್ಟಾ ನಿಮಗೆ. ದಿನಾರಿ ಎದುರಾಳಿಗೆ, ಅವರ ಬಳಿ 6 ಡೈಮಂಡ್ ಇವೆ. 7ಗಳು ಸಮ, ಆದರೆ 6ಗಳಲ್ಲಿ ನೀವು ಮುಂದೆ, ಹಾಗಾಗಿ ಬೆರ್ಮಿಲಾ ನಿಮಗೆ. ಹಯ್ಯಾ ಮತ್ತು ಶ್ಕೊಬ್ಬಾ ಸೇರಿದರೆ 4-1. ಹೀಗೆ ಕೈ ಮೇಲೆ ಕೈ ಆಡುತ್ತಾ ಮೊದಲೇ ಒಪ್ಪಿಕೊಂಡ ಮೊತ್ತ ಮುಟ್ಟಿದವರು ಗೆದ್ದಂತೆ. ಸಾಮಾನ್ಯವಾಗಿ ಅದು 11 ಅಥವಾ 21.

ಡೈಮಂಡ್ 7ಕ್ಕೆ ಯಾಕೆ ಅಷ್ಟು ಕಿತ್ತಾಟ ಎನ್ನುವುದು ಈಗ ತಿಳಿಯುತ್ತದೆ. ಅದಕ್ಕೆ ತನ್ನದೇ ಪಾಯಿಂಟ್ ಇದೆ. ಅದು ಡೈಮಂಡ್ ಎಣಿಕೆಗೂ ಸೇರುತ್ತದೆ, 7ಗಳ ಎಣಿಕೆಗೂ ಸೇರುತ್ತದೆ, ಒಟ್ಟು ಎಲೆಗಳ ಎಣಿಕೆಗೂ ಸೇರುತ್ತದೆ. ನಾಲ್ಕೂ ಕಡೆ ಕೆಲಸ ಮಾಡುವ ಎಲೆ ಇದೊಂದೇ.

ಅದೃಷ್ಟದ ಆಟವಾ?

ಮೂರೇ ಎಲೆ ಕೈಯಲ್ಲಿರುವ ಆಟದಲ್ಲಿ ಬುದ್ಧಿಗೆ ಎಲ್ಲಿ ಜಾಗ ಎಂದು ಕೇಳಬಹುದು. ಜಾಗ ಧಾರಾಳವಾಗಿದೆ. ಈ ಆಟವನ್ನು ನಾನು ಇಷ್ಟಪಡುವುದೇ ಅದಕ್ಕೆ.

ಮೊದಲನೆಯದು 10ರ ಗಡಿ. ಯಾವ ಎಲೆಯ ಬೆಲೆಯೂ 10ನ್ನು ಮೀರುವುದಿಲ್ಲ. ಹಾಗಾಗಿ ಮೇಜಿನ ಮೇಲಿನ ಎಲೆಗಳ ಮೊತ್ತ 11 ಅಥವಾ ಹೆಚ್ಚಿದ್ದರೆ ಯಾರೂ ಒಂದೇ ಏಟಿಗೆ ಅದನ್ನು ಖಾಲಿ ಮಾಡಲಾರರು. ಮೇಜಿನ ಮೇಲೆ ಒಂದೇ ಒಂದು 3 ಇದೆ ಅಂದುಕೊಳ್ಳಿ. ನಿಮ್ಮ ಕೈಯಲ್ಲಿ 6 ಮತ್ತು ರಾಣಿ ಇದ್ದಾರೆ. 6 ಹಾಕಿದರೆ ಮೊತ್ತ 9, ಎದುರಾಳಿಯ ಗುಲಾಮ ಕಾಯುತ್ತಿರಬಹುದು. ರಾಣಿ ಹಾಕಿದರೆ ಮೊತ್ತ 11, ಆ ಸರದಿಗೆ ನೀವು ಕ್ಷೇಮ. ಅನುಭವ ಇರುವವರು ಈ ಕೂಡಿಕೆಯನ್ನು ಯೋಚಿಸದೇ ಮಾಡುತ್ತಾರೆ.

ಎರಡನೆಯದು ನೆನಪು. ಮೇಜು ಖಾಲಿಯಾದಾಗ ನೀವು ಒಂದು ಎಲೆ ಇಡಲೇಬೇಕು, ಅದೇ ಬೆಲೆಯ ಎಲೆ ಎದುರಾಳಿಯ ಬಳಿ ಇದ್ದರೆ ಮತ್ತೊಂದು ಶ್ಕೊಬ್ಬಾ. ಆದರೆ ಮೂರು 4ಗಳು ಆಗಲೇ ಹೋಗಿದ್ದರೆ ನಿಮ್ಮ ಕೈಯಲ್ಲಿರುವ ನಾಲ್ಕನೇ 4ನ್ನು ಧೈರ್ಯವಾಗಿ ಇಡಬಹುದು. ಅದನ್ನು ಒಂಟಿಯಾಗಿ ಎತ್ತುವ ಎಲೆಯೇ ಕಟ್ಟಿನಲ್ಲಿ ಉಳಿದಿಲ್ಲ. ಅದಕ್ಕೇ ಒಳ್ಳೆಯ ಆಟಗಾರರು ಮಾತಾಡುತ್ತಿದ್ದರೂ ಅವರ ಕಣ್ಣು ಎಲೆಗಳ ಮೇಲೇ ಇರುತ್ತದೆ.

ಮೂರನೆಯದು ಸ್ವಲ್ಪ ಆಳದ್ದು. ಪ್ರತಿ ಬೆಲೆಯ ಎಲೆಗಳೂ ನಾಲ್ಕು, ಸಮಸಂಖ್ಯೆ. 5ಕ್ಕೆ 5, ರಾಜನಿಗೆ ರಾಜ ಎಂದು ಜೋಡಿ ಜೋಡಿಯಾಗಿಯೇ ಎಲೆ ಹೋಗುತ್ತಿದ್ದರೆ ಕೊನೆಗೆ ಉಳಿಯುವುದೂ ಜೋಡಿಗಳೇ. ಆಗ ಲಾಭ ಹಂಚಿದವರಿಗೆ. ಕೊನೆಯ ಎಲೆ ಇಳಿಸುವುದು ಅವರೇ ಆದ್ದರಿಂದ ಎದುರಾಳಿ ಇಟ್ಟದ್ದಕ್ಕೆ ಜೋಡಿ ಅವರ ಕೈಯಲ್ಲಿರುತ್ತದೆ. ಈಗ ಯಾರೋ 7ರಿಂದ 3 ಮತ್ತು 4 ಎತ್ತಿದರು ಅನ್ನಿ. ಒಂದು 7, ಒಂದು 3, ಒಂದು 4 ಹೋದವು. ಮೂರೂ ಬೆಲೆಗಳಲ್ಲಿ ಜೋಡಿ ಮುರಿಯಿತು. ಹಾಗಾಗಿ ಹಂಚದೇ ಇರುವವರು ಜೋಡಿ ಮುರಿಯಲು ನೋಡುತ್ತಾರೆ, ಹಂಚಿದವರು ಅದನ್ನು ಮತ್ತೆ ಕೂಡಿಸಲು ನೋಡುತ್ತಾರೆ. ಹೊರಗಿನವರಿಗೆ ಕಾಣುವುದು ಎಲೆ ಬಡಿಯುವ ಸದ್ದು. ಒಳಗೆ ನಡೆಯುವುದು ಈ ಜಗ್ಗಾಟ.

ಸಿಸಿಲಿಯಿಂದ ಬಂದ ದೋಣಿಗಳು

ಶ್ಕೊಬ್ಬಾದ ತಾಯಿ ಇಟಲಿಯ ಸ್ಕೋಪಾ. ಇಟಾಲಿಯನ್ ಭಾಷೆಯಲ್ಲಿ ಸ್ಕೋಪಾ ಎಂದರೆ ಪೊರಕೆ, ಮೇಜು ಗುಡಿಸುವ ಆಟ. 40 ಎಲೆ, ಮೂರು ಮೂರು ಹಂಚುವುದು, ಡೈಮಂಡ್ 7ರ ಗೌರವ ಎಲ್ಲವೂ ಅಲ್ಲಿಂದಲೇ ಬಂದವು. ಇಟಲಿಯಲ್ಲಿ ಆ ಎಲೆಯ ಹೆಸರು ಸೆತ್ತೆಬೆಲ್ಲೊ. 1950ರ ದಶಕದಲ್ಲಿ ಮಿಲಾನ್ ಮತ್ತು ರೋಮ್ ನಡುವೆ ಓಡಿದ ಹೆಸರಾಂತ ರೈಲಿಗೂ ಅವರು ಅದೇ ಹೆಸರಿಟ್ಟರು. ಒಂದು ಇಸ್ಪೀಟ್ ಎಲೆಗೆ ಅಷ್ಟು ಪ್ರೀತಿ.

ಭೂಪಟ ನೋಡಿದರೆ ದಾರಿ ತಾನಾಗಿ ಕಾಣುತ್ತದೆ. ಟ್ಯುನೀಶಿಯಾದ ಕಾಪ್ ಬೋನ್ ಭೂಶಿರಕ್ಕೂ ಸಿಸಿಲಿ ದ್ವೀಪಕ್ಕೂ ನಡುವೆ ಸುಮಾರು 150 ಕಿಲೋಮೀಟರ್ ಕಡಲು, ಅಷ್ಟೇ. ಪಾಂತೆಲ್ಲೆರಿಯಾ ದ್ವೀಪ ಇಟಲಿಗೆ ಸೇರಿದ್ದರೂ ಟ್ಯುನೀಶಿಯಾಕ್ಕೇ ಹತ್ತಿರ. ಈ ನೀರಿನ ಮೇಲೆ ಜನ ಓಡಾಡುವುದು ಹೊಸದೇನಲ್ಲ. ಟ್ಯುನೀಶಿಯಾದ ಉತ್ತರ ತೀರದ ತಬರ್ಕಾದಲ್ಲಿ 16ನೇ ಶತಮಾನದಿಂದ 1741ರವರೆಗೆ ಜಿನೋವಾದ ಜನ ಹವಳ ತೆಗೆಯುತ್ತಾ ನೆಲೆಸಿದ್ದರು. ಇಟಲಿಯ ಲಿವೋರ್ನೊದಿಂದ ಬಂದ ಯಹೂದಿ ವ್ಯಾಪಾರಿಗಳು ಟ್ಯೂನಿಸ್ ನಗರದಲ್ಲಿ ಗ್ರಾನಾ ಎಂಬ ಹೆಸರಿನಿಂದ ಬೇರೂರಿದ್ದರು.

ಆದರೆ ಸಾಮಾನ್ಯ ಜನ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 19ನೇ ಶತಮಾನದಲ್ಲಿ. ಸಿಸಿಲಿಯಲ್ಲಿ ಬಡತನ ಕಿತ್ತು ತಿನ್ನುತ್ತಿತ್ತು. ಟ್ಯುನೀಶಿಯಾದಲ್ಲಿ ಬಂದರು, ರೈಲು ದಾರಿ, ಕಟ್ಟಡ, ಗಣಿ ಅಂತ ಕೆಲಸವಿತ್ತು. 1881ರಲ್ಲಿ ಫ್ರಾನ್ಸ್ ಬಾರ್ಡೊ ಒಪ್ಪಂದದ ಮೂಲಕ ದೇಶವನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಆದರೂ ಅಲ್ಲಿದ್ದ ಯುರೋಪಿಯನ್ನರಲ್ಲಿ ಇಟಲಿಯವರೇ ಜಾಸ್ತಿ. 1906ರ ಹೊತ್ತಿಗೆ ಇಟಾಲಿಯನ್ನರು 80 ಸಾವಿರ ದಾಟಿದ್ದರು. ಆಳುವ ಫ್ರೆಂಚರು ಸುಮಾರು 35 ಸಾವಿರ. ಟ್ಯೂನಿಸ್ ಪಕ್ಕದ ಬಂದರು ಊರು ಲಾ ಗುಲೆಟ್‌ನಲ್ಲಿ ಒಂದು ಬಡಾವಣೆಗೆ ಪುಟ್ಟ ಸಿಸಿಲಿ ಅನ್ನುವ ಹೆಸರೇ ಬಿತ್ತು. ಅಲ್ಲಿ ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ಒಂದೇ ಬೀದಿಯಲ್ಲಿದ್ದರು. ಆಗಸ್ಟ್ 15ರಂದು ಸಿಸಿಲಿಯ ಟ್ರಾಪಾನಿ ಊರಿನ ಮಾತೆಯ ಮೂರ್ತಿಯನ್ನು ಮೆರವಣಿಗೆಯಲ್ಲಿ ಹೊರತಂದಾಗ ಬೀದಿಯವರೆಲ್ಲ ಸೇರುತ್ತಿದ್ದರು. ನಟಿ ಕ್ಲಾಡಿಯಾ ಕಾರ್ಡಿನಾಲೆ 1938ರಲ್ಲಿ ಹುಟ್ಟಿದ್ದು ಟ್ಯುನೀಶಿಯಾದ ಇಂಥದೇ ಸಿಸಿಲಿ ಮೂಲದ ಕುಟುಂಬದಲ್ಲಿ.

ಹೀಗೆ ಒಟ್ಟಿಗೆ ದುಡಿಯುವ, ಒಂದೇ ಬೀದಿಯಲ್ಲಿ ಬಾಳುವ ಜನರ ನಡುವೆ ಆಟ ದಾಟಿತು. ಅದಕ್ಕೆ ಸಾಕ್ಷಿ ಎಲೆಗಳ ಹೆಸರುಗಳು. ಶ್ಕೊಬ್ಬಾದಲ್ಲಿ ರಾಜನನ್ನು ರೇ ಎನ್ನುತ್ತಾರೆ, ಗುಲಾಮನನ್ನು ಕವಾಲ್, ರಾಣಿಯನ್ನು ಮೂಜೀರಾ. ಯಾವುದೂ ಅರಬ್ಬಿ ಮೂಲದ್ದಲ್ಲ. ಕವಾಲ್ ಇಟಲಿಯ ಕವಾಲ್ಲೊ, ಅಂದರೆ ಕುದುರೆ. ಮೂಜೀರಾ ದಕ್ಷಿಣ ಇಟಲಿಯ ಆಡುಮಾತಿನಲ್ಲಿ ಹೆಂಡತಿ.

ರಾಣಿ 8 ಆಗಿದ್ದು ಹೇಗೆ ಅನ್ನುವ ಗಂಟು ಬಿಡುವುದು ಇಲ್ಲೇ. ಸಿಸಿಲಿ ಮತ್ತು ನೇಪಲ್ಸ್‌ನ ಹಳೆಯ ಎಲೆಗಳಲ್ಲಿ ನಮ್ಮ ರಾಣಿ ಇಲ್ಲ. ಅಲ್ಲಿರುವ ಮೂರು ಚಿತ್ರಗಳು ಕಾಲಾಳು, ಕುದುರೆ ಸವಾರ, ರಾಜ. ಬೆಲೆ 8, 9, 10. ಕಾಲಾಳಿನ ಚಿತ್ರ ನಾಜೂಕಾಗಿ ಕಾಣುವುದರಿಂದ ಜನ ಅದನ್ನು ಹೆಣ್ಣು ಎಂದೇ ಕರೆಯುತ್ತಾ ಬಂದರು. ಟ್ಯುನೀಶಿಯಾದಲ್ಲಿ ಕೈಗೆ ಸಿಕ್ಕಿದ್ದು ಫ್ರೆಂಚ್ ಮಾದರಿಯ ಎಲೆ. ಅದರಲ್ಲಿ ಕುದುರೆ ಸವಾರ ಇಲ್ಲ. ಆಗ ಹೆಣ್ಣಿನ ಜಾಗ, ಅಂದರೆ 8, ರಾಣಿಗೆ ಹೋಯಿತು. ಕುದುರೆಯ ಜಾಗ, ಅಂದರೆ 9, ಗುಲಾಮನಿಗೆ ಬಂತು. ಫ್ರಾನ್ಸಿನ ಎಲೆ, ಸಿಸಿಲಿಯ ಬೆಲೆ. ಪುಸ್ತಕ ನೋಡಿ ಕಲಿತ ಆಟವಾಗಿದ್ದರೆ ಹೀಗಾಗುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ. ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಕಲಿತದ್ದರಿಂದಲೇ ಹಳೆಯ ಕ್ರಮ ಹಾಗೇ ಉಳಿಯಿತು.

ಬೆರ್ಮಿಲಾದ್ದು ಇನ್ನೂ ಹಳೆಯ ಕಥೆ. ಇಟಲಿಯಲ್ಲಿ 16ನೇ ಶತಮಾನದಲ್ಲಿ ಪ್ರಿಮಿಯೆರಾ ಎಂಬ ಜೂಜಾಟ ಜೋರಾಗಿತ್ತು. ಸಂಭವನೀಯತೆಯ ಲೆಕ್ಕವನ್ನು ಮೊದಮೊದಲು ಬರೆದವರಲ್ಲಿ ಒಬ್ಬನಾದ ಗಣಿತಜ್ಞ ಜಿರೋಲಾಮೊ ಕಾರ್ಡಾನೊ ಕೂಡ ಅದರ ಬಗ್ಗೆ ಬರೆದಿದ್ದಾನೆ. ಅದರಲ್ಲಿ 7ಕ್ಕೆ ಎಲ್ಲಕ್ಕಿಂತ ಹೆಚ್ಚು, 21 ಅಂಕ. 6ಕ್ಕೆ 18. ರಾಜ ಗುಲಾಮರಿಗೆ ಬರೀ 10. ಆ ಆಟ ಮರೆಯಾಯಿತು. ಅದರ ಅಂಕದ ಲೆಕ್ಕ ಸ್ಕೋಪಾದೊಳಗೆ ಸೇರಿಕೊಂಡು ಕಡಲು ದಾಟಿತು. ದಾಟುವಾಗ ಭಾರ ಇಳಿಸಿಕೊಂಡು 7 ನೋಡು, ಸಮವಾದರೆ 6 ನೋಡು ಅನ್ನುವಷ್ಟಕ್ಕೆ ನಿಂತಿತು.

ಅದಕ್ಕೂ ಮೊದಲು

ಯುರೋಪಿಗೆ ಇಸ್ಪೀಟು ಬಂದದ್ದು ಅರಬ್ ನಾಡಿನಿಂದ. ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರ ಕಾಲದ ಎಲೆಗಳು ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿವೆ. 1931ರಲ್ಲಿ ವಿದ್ವಾಂಸ ಎಲ್.ಎ. ಮೇಯರ್ ಅವುಗಳನ್ನು ಗುರುತಿಸಿದರು. ಆ ಎಲೆಗಳಲ್ಲಿ ನಾಲ್ಕು ಗುಂಪು. ನಾಣ್ಯ, ಬಟ್ಟಲು, ಕತ್ತಿ ಮತ್ತು ಪೋಲೊ ಕೋಲು. 1377ರ ಹೊತ್ತಿಗೆ ಫ್ಲಾರೆನ್ಸ್ ನಗರ ಇಸ್ಪೀಟಿನ ಮೇಲೆ ನಿಷೇಧ ಹೇರಿತ್ತು, ಅಂದರೆ ಅಷ್ಟರಲ್ಲಾಗಲೇ ಆಟ ಅಲ್ಲಿ ಹರಡಿತ್ತು. ಇಟಲಿಯವರು ನಾಣ್ಯ, ಬಟ್ಟಲು, ಕತ್ತಿಗಳನ್ನು ಹಾಗೇ ಇಟ್ಟುಕೊಂಡರು. ಪೋಲೊ ಗೊತ್ತಿಲ್ಲದ್ದರಿಂದ ಕೋಲು ಬರೀ ದೊಣ್ಣೆಯಾಯಿತು. 15ನೇ ಶತಮಾನದಲ್ಲಿ ಫ್ರೆಂಚರು ಈಗ ನಾವು ಬಳಸುವ ಚಿಹ್ನೆಗಳನ್ನು ತಂದರು.

ಟ್ಯುನೀಶಿಯಾದವರು ಕೆಂಪು ಡೈಮಂಡ್ ಎಲೆ ನೋಡಿ ದಿನಾರಿ ಅನ್ನುತ್ತಾರೆ. ಇಟಲಿಯವರ ದೆನಾರಿಯೇ ಅದು, ನಾಣ್ಯ. ಈಜಿಪ್ಟಿನ ಅರಬ್ಬರ ಎಲೆಯ ನಾಣ್ಯ ಇಟಲಿಗೆ ಹೋಗಿ, ಅಲ್ಲಿ ನಾಲ್ಕೈದು ಶತಮಾನ ಕಳೆದು, ಮತ್ತೆ ಅರಬ್ಬಿ ಮಾತಾಡುವ ನಾಡಿಗೇ ಮರಳಿದೆ. ಇದನ್ನು ತಿಳಿದಾಗಿನಿಂದ ಡೈಮಂಡ್ 7 ಕಂಡಾಗೆಲ್ಲ ನನಗೆ ಈ ಸುತ್ತು ನೆನಪಾಗುತ್ತದೆ. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಪ್ರೀತಿಯಿಂದ ಬೆಳೆಸಿದ ಗಂಜೀಫಾ ಕೂಡ ಈ ಬಳಗಕ್ಕೆ ದೂರದ ನೆಂಟ. ಮಾಮ್ಲೂಕರ ಈಜಿಪ್ಟಿನಲ್ಲೂ ಎಲೆ ಆಟಕ್ಕೆ ಕಂಜೀಫಾ ಎಂಬ ಹೆಸರಿತ್ತು.

ಕಡಲಿನ ಸುತ್ತ ಇದರ ಅಕ್ಕತಂಗಿಯರು ಬೇಕಾದಷ್ಟಿದ್ದಾರೆ. ಸ್ಪೇನಿನಲ್ಲಿ ಎಸ್ಕೋಬಾ, ಅಲ್ಲಿ ಮೊತ್ತ 15 ಬರಬೇಕು. ಮೊರಾಕೊದಲ್ಲಿ ರೋಂಡಾ, ಅದನ್ನು ಸ್ಪೇನಿನ ಎಲೆಗಳಲ್ಲೇ ಆಡುತ್ತಾರೆ. ಈಜಿಪ್ಟಿನಲ್ಲಿ ಬಸ್ರಾ, ಅಲ್ಲೂ ಡೈಮಂಡ್ 7ಕ್ಕೆ ವಿಶೇಷ ಶಕ್ತಿ.

ಕಾಫಿ, ರಂಜಾನ್, ಮನೆ

1956ರಲ್ಲಿ ಟ್ಯುನೀಶಿಯಾ ಸ್ವತಂತ್ರವಾಯಿತು. 1964ರ ಮೇ ತಿಂಗಳಲ್ಲಿ ವಿದೇಶಿಯರ ಕೈಯಲ್ಲಿದ್ದ ಸಾಗುವಳಿ ಭೂಮಿಯನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಇಟಲಿ ಮೂಲದ ಕುಟುಂಬಗಳು ಹೆಚ್ಚಿನವು ಹೊರಟುಹೋದವು. ಹುಟ್ಟಿದ ಊರು ಬಿಟ್ಟು, ಕಂಡೇ ಇರದ ಇಟಲಿಗೋ ಫ್ರಾನ್ಸಿಗೋ ಹೋದವರ ನೋವು ಸಣ್ಣದಲ್ಲ. ಆಟ ಹೋಗಲಿಲ್ಲ. ಅಷ್ಟರಲ್ಲಿ ಅದು ಟ್ಯುನೀಶಿಯಾದವರದೇ ಆಗಿತ್ತು. ಇವತ್ತು ಅಲ್ಲಿ ಅದನ್ನು ಪರದೇಶದ ಆಟ ಎಂದು ಯಾರೂ ಆಡುವುದಿಲ್ಲ.

ಅಲ್ಲಿನ ಕಾಫಿ ಅಂಗಡಿಯಲ್ಲಿ ಶ್ಕೊಬ್ಬಾ ಒಂದೇ ಅಲ್ಲ. ಪಕ್ಕದ ಮೇಜಿನಲ್ಲಿ ಫ್ರಾನ್ಸಿನಿಂದ ಬಂದ ಬೆಲೋಟ್, 32 ಎಲೆಗಳ ತುರುಪಿನ ಆಟ. ಇನ್ನೊಂದರಲ್ಲಿ ರಾಮಿ, ನಮ್ಮ ರಮ್ಮಿಯ ಬಳಗದ್ದು. ಹಾಲು ಸ್ವಲ್ಪವೇ ಬೆರೆತ ಕಪುಸ್ಸಿನ್ ಕಾಫಿ, ಪೈನ್ ಬೀಜ ತೇಲಿಸಿದ ಚಹಾ, ಹುಕ್ಕಾ. ಸೋತವರು ಕಾಫಿಯ ಬಿಲ್ಲು ಕೊಡುವುದು ಮಾಮೂಲಿ ಪಂದ್ಯ. ಹಣ ಕಟ್ಟಿ ಆಡುವ ಜೂಜು ಇಸ್ಲಾಂನಲ್ಲಿ ನಿಷಿದ್ಧ. ಜೂಜಿಲ್ಲದೆಯೂ ಶ್ಕೊಬ್ಬಾಕ್ಕೆ ಬಿಸಿ ಕಡಿಮೆಯಾಗುವುದಿಲ್ಲ.

ರಂಜಾನ್ ತಿಂಗಳಲ್ಲಿ ಇದಕ್ಕೆ ಸುಗ್ಗಿ. ಹಗಲಿಡೀ ಉಪವಾಸ, ಸೂರ್ಯ ಮುಳುಗಿದ ಮೇಲೆ ಮನೆಯಲ್ಲಿ ಊಟ. ಆಮೇಲೆ ಬೀದಿಗಳು ಎಚ್ಚರಗೊಳ್ಳುತ್ತವೆ. ಟ್ಯೂನಿಸ್‌ನ ಬಾಬ್ ಸುಯಿಕಾ, ಹಲ್ಫಾವಿನ್ ಕಡೆ ರಂಜಾನ್ ರಾತ್ರಿಗಳಿಗೆ ದೊಡ್ಡ ಹೆಸರು. ಕೂರಲು ಕುರ್ಚಿ ಸಿಗುವುದೇ ಕಷ್ಟ. ಬೆಳಗಿನ ಜಾವದ ಊಟಕ್ಕೆ ಎಬ್ಬಿಸಲು ಡೋಲು ಬಾರಿಸುತ್ತಾ ಬರುವ ಬೂತ್ಬಿಲಾ ಬೀದಿಗಿಳಿಯುವ ಹೊತ್ತಿಗೂ ಕೆಲವು ಮೇಜುಗಳಲ್ಲಿ ಆಟ ಮುಗಿದಿರುವುದಿಲ್ಲ.

ಸಾಮಾನ್ಯ ಬಡಾವಣೆಗಳ ಕಾಫಿ ಅಂಗಡಿಗಳು ಇವತ್ತಿಗೂ ಹೆಚ್ಚಾಗಿ ಗಂಡಸರ ಜಾಗವೇ. ಅದನ್ನು ಹೇಳದೆ ಬಿಟ್ಟರೆ ಚಿತ್ರ ಪೂರ್ತಿಯಾಗುವುದಿಲ್ಲ. ಹೆಂಗಸರು, ಮಕ್ಕಳು ಆಡುವುದು ಮನೆಯಲ್ಲಿ. ನನಗೆ ಕೇಳಿದರೆ ಆಟ ಉಳಿದಿರುವುದು ಮನೆಯಿಂದಲೇ. ಮಗು 7ಕ್ಕೆ 5 ಮತ್ತು 2 ಕೂಡಿಸಲು ಕಲಿಯುವುದು ಅಜ್ಜಿಯ ಎದುರು ಕುಳಿತು, ಕಾಫಿ ಅಂಗಡಿಗೆ ಕಾಲಿಡುವುದಕ್ಕೂ ಎಷ್ಟೋ ವರ್ಷ ಮೊದಲು. ಈಗ ಮೊಬೈಲಿನಲ್ಲೂ ಶ್ಕೊಬ್ಬಾ ಬಂದಿದೆ. ಫ್ರಾನ್ಸ್, ಇಟಲಿಗಳಲ್ಲಿ ದುಡಿಯುವ ಟ್ಯುನೀಶಿಯಾದವರು ಊರಿನ ಗೆಳೆಯರ ಜೊತೆ ಅಲ್ಲಿಂದಲೇ ಆಡುತ್ತಾರೆ.

ನಿಮಗೂ ಆಡಬೇಕು ಅನ್ನಿಸಿದರೆ ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಮನೆಯಲ್ಲಿರುವ ಕಟ್ಟಿನಿಂದ ಜೋಕರ್, 8, 9, 10 ತೆಗೆದಿಡಿ. ಮೊದಲು ಇಬ್ಬರೇ ಆಡಿ, 11ಕ್ಕೆ ನಿಲ್ಲಿಸಿ. ಮೊದಲ ಕೆಲವು ಕೈಗಳಲ್ಲಿ ರಾಣಿ ಗುಲಾಮರ ಬೆಲೆ ಅದಲುಬದಲಾಗಿ ತಪ್ಪುತ್ತದೆ, ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ಕೈ ಪಳಗಿದ ಮೇಲೆ ನಾಲ್ವರು ಸೇರಿ ಜೊತೆಗಾರರನ್ನು ಕಟ್ಟಿಕೊಂಡು 21ಕ್ಕೆ ಆಡಿ.